ಕ್ವಾಂಟಮ್ ಕಾಲಕ್ಕೆ ನಿಮ್ಮ ಲೇಬಲ್ ಸಿದ್ಧಪಡಿಸುವುದು ಹೇಗೆ: ಬೈಕಂಪಾಡಿಯಿಂದ ಒಂದು ಅನುಭವ

ಕಳೆದ ವರ್ಷ ಜೂನ್‌ನಲ್ಲಿ, ಪಣಂಬೂರು ಕಡೆಯಿಂದ ಮಳೆ ಅಡ್ಡಡ್ಡ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ, ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಯ ಧಣಿಗಳು ಮಂಗಳೂರು ಬೈಕಂಪಾಡಿಯ ನಮ್ಮ ಲೇಬಲ್ ಮುದ್ರಣ ಘಟಕಕ್ಕೆ ಬಂದರು. ಕೊಡೆ ಮಡಚಿ ಮೂಲೆಗಿಟ್ಟು ಫೋನಿನಲ್ಲಿ ಒಂದು ಮೇಲ್ ತೆರೆದು ತೋರಿಸಿದರು. ಹೊರದೇಶದ ಖರೀದಿದಾರರು ಕಳಿಸಿದ ಪ್ರಶ್ನೆಪಟ್ಟಿ. 27ನೇ ಪ್ರಶ್ನೆಯ ಕೆಳಗೆ ಅವರು ಗೆರೆ ಎಳೆದಿದ್ದರು: ನಿಮ್ಮ ಸರಕಿನ ಜಾಡು ಹಿಡಿಯುವ ವ್ಯವಸ್ಥೆಯಲ್ಲಿರುವ ಡಿಜಿಟಲ್ ಸಹಿಗಳು ಕ್ವಾಂಟಮ್ ಕಂಪ್ಯೂಟರಿನ ಎದುರು ನಿಲ್ಲುತ್ತವೆಯೇ? ಇಲ್ಲವಾದರೆ ಯಾವಾಗ ಬದಲಿಸುತ್ತೀರಿ?

"ಅಕ್ಕ, ಇದು ಎಂತದ್ದು? ಸ್ಟಿಕ್ಕರಿಗೂ ಕ್ವಾಂಟಮ್ಮಿಗೂ ಎಂತ ಸಂಬಂಧ ಮಾರಾಯ್ರೆ?" ಎಂದು ಕೇಳಿದರು.

ಆವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಮಂಗಳೂರಿನ ಕೆಪಿಟಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಕೆಲ ಕಾಲ ಪ್ರೆಸ್ಸಿನಲ್ಲಿ ದುಡಿದು, 2003ರಲ್ಲಿ ಒಂದೇ ಒಂದು ಥರ್ಮಲ್ ಪ್ರಿಂಟರ್ ಇಟ್ಟುಕೊಂಡು ಲೇಬಲ್ ಕೆಲಸ ಶುರು ಮಾಡಿದವಳು ನಾನು. ಗೇರುಬೀಜ, ಉಪ್ಪಿನಕಾಯಿ, ಆಯುರ್ವೇದದ ತೈಲ, ನೀರಿನ ಪಂಪಿನ ಬಿಡಿಭಾಗ ಹೀಗೆ ಹಲವು ಬಗೆಯ ಗಿರಾಕಿಗಳು ನನಗೆ ಇದ್ದಾರೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ಭಾನುವಾರಗಳಂದು ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ನಾವಿಬ್ಬರೂ ಸೇರಿ ಆ ಕಾರ್ಖಾನೆಯಲ್ಲಿ ಒಂದು ವರ್ಷ ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಊರಿನ ಸಣ್ಣ ಕಾರ್ಖಾನೆಯವರಿಗೆ ಇಂಥ ಪ್ರಶ್ನೆಪಟ್ಟಿ ಬಂದಾಗ ಯಾರೋ ಬಂದು ಹೆದರಿಸಿ ದುಬಾರಿ ಸ್ಟಿಕ್ಕರ್ ಮಾರಿ ಹೋಗಬಾರದು ಎಂಬುದು ನನ್ನ ಕಾಳಜಿ.

ಒಡೆಯುವುದು ಯಾವುದು, ಉಳಿಯುವುದು ಯಾವುದು

ಡಿಜಿಟಲ್ ಸಹಿ ಎಂದರೆ ಮಾಹಿತಿ ಯಾರದ್ದು, ನಡುವೆ ಯಾರೂ ತಿದ್ದಿಲ್ಲ ಎಂದು ತೋರಿಸಲು ಕೀಲಿ ಎಂಬ ಗುಟ್ಟಿನ ಸಂಖ್ಯೆಯಿಂದ ಹಾಕುವ ಗಣಿತದ ಮುದ್ರೆ. ಇವತ್ತು ಲೋಕದಲ್ಲಿ ಬಳಕೆಯಲ್ಲಿರುವ ಡಿಜಿಟಲ್ ಸಹಿಗಳಲ್ಲಿ ಹೆಚ್ಚಿನವು ಎರಡು ಜಾತಿಯವು: ಆರ್‌ಎಸ್‌ಎ, ಮತ್ತು ಎಲಿಪ್ಟಿಕ್ ಕರ್ವ್ ಎಂಬ ಗಣಿತದ ಮೇಲೆ ನಿಂತ ಇಸಿಡಿಎಸ್‌ಎಯಂಥವು. 1994ರಲ್ಲಿ ಪೀಟರ್ ಶೋರ್ ಎಂಬ ಗಣಿತಜ್ಞರು, ಅಣುಲೋಕದ ನಿಯಮಗಳಿಂದ ಲೆಕ್ಕ ಮಾಡುವ ಯಂತ್ರ, ಅಂದರೆ ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಒಂದಿದ್ದರೆ ಈ ಎರಡನ್ನೂ ಬಿಡಿಸಬಹುದು ಎಂದು ತೋರಿಸಿದರು. ಅದೇ 1994ರಲ್ಲಿ ಜಪಾನಿನ ಡೆನ್ಸೊ ಕಂಪೆನಿಯಲ್ಲಿ ವಾಹನದ ಬಿಡಿಭಾಗಗಳ ಲೆಕ್ಕ ಇಡಲೆಂದು ಕ್ಯೂಆರ್ ಕೋಡ್ ಹುಟ್ಟಿತು. ಒಂದೇ ವರ್ಷದಲ್ಲಿ ಹುಟ್ಟಿದ ಆ ಎರಡು ಸಂಗತಿಗಳು ಈಗ ನನ್ನ ಪ್ರಿಂಟರಿನ ಮುಂದೆ ಬಂದು ಕೂಡಿವೆ.

ಅಷ್ಟು ದೊಡ್ಡ ಯಂತ್ರ ಇವತ್ತಿಗೆ ಇಲ್ಲ. ಆದರೆ ಲೆಕ್ಕ ಇಳಿಯುತ್ತಾ ಬರುತ್ತಿದೆ. 2048 ಬಿಟ್‌ನ ಆರ್‌ಎಸ್‌ಎ ಒಡೆಯಲು 2 ಕೋಟಿ ಕ್ಯೂಬಿಟ್ (ಆ ಯಂತ್ರದ ಲೆಕ್ಕದ ಮೂಲ ಘಟಕ) ಬೇಕು ಎಂದು 2019ರಲ್ಲಿ ಅಂದಾಜಿಸಿದ್ದರು. 2025ರ ಮೇ ತಿಂಗಳಲ್ಲಿ ಗೂಗಲ್‌ನ ಕ್ರೇಗ್ ಗಿಡ್ನಿ ಅದನ್ನು 10 ಲಕ್ಷಕ್ಕಿಂತ ಕೆಳಗೆ ತಂದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ತನ್ನ 2024ರ ಕರಡಿನಲ್ಲಿ ಈಗಿನ ಆರ್‌ಎಸ್‌ಎ ಮತ್ತು ಎಲಿಪ್ಟಿಕ್ ಸಹಿಗಳನ್ನು 2035ರ ಆಚೆ ಬಳಸಲೇಬಾರದು ಎಂದಿದೆ; 2048 ಬಿಟ್ ಆರ್‌ಎಸ್‌ಎಯ ಮಟ್ಟದವನ್ನು 2030ರಿಂದಲೇ ಕೈಬಿಡುತ್ತಾ ಬರಬೇಕು. ಬದಲಿಗೆ ಎಂತ ಬಳಸಬೇಕು ಎಂಬುದೂ ತೀರ್ಮಾನ ಆಗಿದೆ. 2024ರ ಆಗಸ್ಟ್ 13ರಂದು ನಿಸ್ಟ್ ಮೂರು ಮಾನಕ ಹೊರಡಿಸಿತು: ಕೀಲಿ ಹಂಚಿಕೊಳ್ಳಲು ಎಂಎಲ್-ಕೆಇಎಂ, ಅಂದರೆ ಅಮೆರಿಕ ಸರಕಾರದ ಮಾನಕಪಟ್ಟಿಯ ಫಿಪ್ಸ್ 203; ಸಹಿಗೆ ಎಂಎಲ್-ಡಿಎಸ್‌ಎ, ಫಿಪ್ಸ್ 204; ಸಹಿಗೇ ಇನ್ನೊಂದು, ಎಸ್‌ಎಲ್‌ಎಚ್-ಡಿಎಸ್‌ಎ, ಫಿಪ್ಸ್ 205. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಾರಲು ಬಂದವರ ಬಾಯಲ್ಲಿ ಇವು ಬಾರದಿದ್ದರೆ ಅವರೊಡನೆ ಮಾತು ಬೆಳೆಸುವ ಅಗತ್ಯ ಇಲ್ಲ.

ಹ್ಯಾಶ್ ಮತ್ತು ಎಇಎಸ್ ಹೀಗೆ ಕುಸಿಯುವುದಿಲ್ಲ. ಎಇಎಸ್ ಎಂದರೆ ಗುಟ್ಟಿನ ಕೀಲಿಯಿಂದ ಕಡತಕ್ಕೆ ಹಾಕುವ ಬೀಗ. ಹ್ಯಾಶ್ ಎಂದರೆ ಯಾವುದೇ ಕಡತಕ್ಕೆ ತೆಗೆಯುವ ಬೆರಳಚ್ಚು. ಶಾ-256 ಎಂಬ ಬಗೆ ಬಳಸಿದರೆ ಅದರ ಗಾತ್ರ 32 ಬೈಟ್. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಬೆರಳಚ್ಚು ಪೂರಾ ಬೇರೆಯಾಗುತ್ತದೆ. ಕ್ವಾಂಟಮ್ ಯಂತ್ರ ಇವುಗಳ ಬಲವನ್ನು ಕುಗ್ಗಿಸೀತು, ಒಡೆದು ಹಾಕುವುದಿಲ್ಲ. 256 ಬಿಟ್ ಇಟ್ಟುಕೊಂಡರೆ ಸಾಕು. ನಮ್ಮ ಇಡೀ ಕೆಲಸ ಈ ಒಂದು ನೆಮ್ಮದಿಯ ಮೇಲೆ ನಿಂತಿದೆ.

ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ

ಮೊದಲ ಕೆಲಸಕ್ಕೆ ಕಂಪ್ಯೂಟರ್ ಬೇಡ. ಕಾರ್ಖಾನೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕು. ಹಸಿ ಬೀಜದ ಗೋಣಿ ಇಳಿಯುವ ಶೆಡ್‌ನಿಂದ ಶುರು ಮಾಡಿ, ಬೇಯಿಸುವುದು, ಒಡೆಯುವುದು, ಬೋರ್ಮಾದಲ್ಲಿ ಒಣಗಿಸುವುದು, ಸಿಪ್ಪೆ ತೆಗೆಯುವುದು, ಗ್ರೇಡಿಂಗ್, ಪ್ಯಾಕಿಂಗ್, ಕೊನೆಗೆ ಲಾರಿ. ಎಲ್ಲೆಲ್ಲಿ ಒಂದು ಸಂಖ್ಯೆ ಹುಟ್ಟುತ್ತದೆ, ಯಾರು ಅದನ್ನು ಬರೆಯುತ್ತಾರೆ, ಎಲ್ಲಿ ಒಂದು ಬೀಗ ಅಥವಾ ಸಹಿ ಕೂತಿದೆ, ಅದು ಯಾವ ಜಾತಿಯದ್ದು, ಬದಲಿಸುವ ಅಧಿಕಾರ ಯಾರದ್ದು, ಎಷ್ಟು ವರ್ಷ ಅದನ್ನು ನಂಬಬೇಕು ಎಂದು ಬರೆಯುತ್ತಾ ಹೋಗಿ.

ನಮಗೆ ಸಿಕ್ಕಿದ್ದು ಹೇಳುತ್ತೇನೆ. ಪೊಟ್ಟಣದ ಮೇಲಿನ ಕ್ಯೂಆರ್ ಒಳಗೆ ಯಾರೋ ಹಾಕಿಕೊಟ್ಟಿದ್ದ ಇಸಿಡಿಎಸ್‌ಎ ಸಹಿ. ಅದನ್ನು ಪರೀಕ್ಷಿಸುವ ಫೋನ್ ಆ್ಯಪ್. ಪ್ಯಾಕಿಂಗ್ ಹಾಲಿನ ಮೂರು ಹ್ಯಾಂಡ್‌ಹೆಲ್ಡ್ ಸ್ಕ್ಯಾನರ್. ಆಫೀಸಿನಿಂದ ನನ್ನ ಘಟಕಕ್ಕೆ ಸೀರಿಯಲ್ ಸಂಖ್ಯೆಗಳ ಫೈಲ್ ಬರುವ ದಾರಿ. ಅದು ಸಾದಾ ಮೇಲ್‌ನಲ್ಲಿ, ಪಾಸ್‌ವರ್ಡೂ ಇಲ್ಲದೆ ಬರುತ್ತಿತ್ತು. ಪ್ರತಿ ರಾತ್ರಿಯ ಬ್ಯಾಕಪ್. ಧಣಿಗಳ ಮೇಜಿನ ಡ್ರಾಯರಿನಲ್ಲಿ ಡಿಎಸ್‌ಸಿ ಟೋಕನ್, ಅಂದರೆ ಸರಕಾರಿ ಕಡತಗಳಿಗೆ ಡಿಜಿಟಲ್ ಸಹಿ ಹಾಕುವ ಪೆನ್‌ಡ್ರೈವ್‌ನಂಥ ಸಾಧನ; ತೆರೆದು ನೋಡಿದರೆ ಆರ್‌ಎಸ್‌ಎ 2048. ಜಿಎಸ್‌ಟಿ ಇ-ಇನ್‌ವಾಯ್ಸಿನ ಮೇಲಿನ ದಟ್ಟ ಕ್ಯೂಆರ್. ಪೋರ್ಟಲ್ ಹಾಕಿದ ಸಹಿ ಅದರ ಒಳಗೇ ಕೂತಿರುವುದರಿಂದಲೇ ಅದು ಅಷ್ಟು ದಟ್ಟ. ಈ ಕೊನೆಯ ಎರಡು ನಮ್ಮ ಕೈಯಲ್ಲಿಲ್ಲ, ಸರಕಾರದ ಕಡೆಯಿಂದ ಬದಲಾಗಬೇಕು. ಅವುಗಳ ಎದುರು "ಕಾಯುವುದು" ಎಂದು ಬರೆದು ಮುಂದೆ ಹೋದೆವು.

ಪುಸ್ತಕದಲ್ಲಿ ಅತಿ ಮುಖ್ಯ ಕಾಲಂ "ಎಷ್ಟು ವರ್ಷ ನಂಬಬೇಕು" ಎಂಬುದು. ಇದಕ್ಕೆ ಮಿಶೆಲ್ ಮೋಸ್ಕಾ ಎಂಬ ವಿಜ್ಞಾನಿ ಹೇಳಿದ ಸುಲಭ ಲೆಕ್ಕ ಒಂದುಂಟು. ಆ ವಸ್ತುವನ್ನು ನಂಬಬೇಕಾದ ವರ್ಷಗಳಿಗೆ ನೀವು ವ್ಯವಸ್ಥೆ ಬದಲಿಸಲು ತೆಗೆದುಕೊಳ್ಳುವ ವರ್ಷಗಳನ್ನು ಕೂಡಿಸಿ. ಆ ಮೊತ್ತ ದೊಡ್ಡ ಯಂತ್ರ ಬರುವ ದಿನವನ್ನು ದಾಟಿದರೆ ನೀವು ಈಗಲೇ ತಡ ಮಾಡಿದ್ದೀರಿ. ಗೇರುಬೀಜದ ಪೊಟ್ಟಣ ಒಂದು ವರ್ಷದೊಳಗೆ ತಿಂದು ಮುಗಿಯುತ್ತದೆ. ಬದಲಾವಣೆಗೆ ಎರಡು ವರ್ಷ ಹಿಡಿದರೂ ಮೂರೇ ಆಯಿತು. ನನ್ನ ಪಂಪಿನ ಗಿರಾಕಿಯ ಕಥೆ ಬೇರೆ. ಅವರ ಬಿಡಿಭಾಗ ಬಾವಿಕಟ್ಟೆಯಲ್ಲಿ 20 ವರ್ಷ ಕೂರುತ್ತದೆ, ಇವತ್ತು ಹಾಕಿದ ಸಹಿಯನ್ನು 2045ರಲ್ಲೂ ಯಾರಾದರೂ ಓದಿಯಾರು. ಹಾಗಾಗಿ ಒಂದೇ ಘಟಕದಲ್ಲಿ ಮುದ್ರಣವಾಗುವ ಎರಡು ಲೇಬಲ್ಲುಗಳಲ್ಲಿ ಪಂಪಿನದ್ದಕ್ಕೆ ಅವಸರ ಉಂಟು, ಗೇರುಬೀಜದ್ದಕ್ಕೆ ಇಲ್ಲ. ನಮ್ಮ ಹಳೆ ಮನೆಯ ಮಾಡಿನಿಂದ ಹಂಚು ಇಳಿಸಿದಾಗಲೆಲ್ಲ ಅದರ ಬೆನ್ನಿಗೆ ಅಚ್ಚೊತ್ತಿದ ಕಾರ್ಖಾನೆಯ ಹೆಸರು ನೋಡುತ್ತೇನೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕೆಲಸ ಶುರು ಮಾಡಿದ ಕಾಲದಿಂದ ಬಂದ ಕ್ರಮ ಅದು. ಮಣ್ಣಿನಲ್ಲಿ ಒತ್ತಿದ ಹೆಸರು ನೂರು ಮಳೆಗಾಲ ತಾಳಿದೆ. ವಸ್ತು ಎಷ್ಟು ಬಾಳುತ್ತದೋ ಅದರ ಗುರುತೂ ಅಷ್ಟು ಬಾಳಬೇಕು.

ಹೊಸ ಸಹಿ ಪೊಟ್ಟಣದಲ್ಲಿ ಹಿಡಿಯುವುದಿಲ್ಲ

ಧಣಿಗಳ ಮೊದಲ ಮಾತು, "ಹಳೆ ಸಹಿ ತೆಗೆದು ಹೊಸ ಸಹಿ ಹಾಕುವ, ಆಯ್ತಲ್ಲ?" ಎಂದಾಗಿತ್ತು. ಹಾಕಿಯೇ ನೋಡಿದೆವು.

ಹಳೆಯ ಇಸಿಡಿಎಸ್‌ಎ ಸಹಿ 64 ಬೈಟ್. ಹೊಸ ಎಂಎಲ್-ಡಿಎಸ್‌ಎಯ ಅತಿ ಸಣ್ಣ ಬಗೆಯೇ 2420 ಬೈಟ್. ಎಸ್‌ಎಲ್‌ಎಚ್-ಡಿಎಸ್‌ಎಯಲ್ಲಿ ಅತಿ ಚಿಕ್ಕದು 7856 ಬೈಟ್. ಅತಿ ದೊಡ್ಡ ಕ್ಯೂಆರ್, ಅಂದರೆ ಉದ್ದಕ್ಕೆ 177 ಅಗಲಕ್ಕೆ 177 ಚೌಕದ್ದು, ಹೆಚ್ಚೆಂದರೆ 2953 ಬೈಟ್ ಹೊರುತ್ತದೆ. ಅದೂ ಮಸುಕಾದ ಚೌಕಗಳನ್ನು ಸರಿಪಡಿಸಿ ಓದುವ, ತಪ್ಪು ತಿದ್ದುವ ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿದರೆ ಮಾತ್ರ. ಔಷಧದವರು ಬಳಸುವ ಡೇಟಾ ಮ್ಯಾಟ್ರಿಕ್ಸ್ ಎಂಬ ಚೌಕ ಕೋಡ್ 1556 ಬೈಟಿಗೆ ಮುಗಿಯಿತು. ನಮ್ಮ ಪ್ರಿಂಟರ್ 203 ಡಿಪಿಐ, ಎಂದರೆ ಮಿಲಿಮೀಟರಿಗೆ ಎಂಟು ಚುಕ್ಕಿ. ಒಂದು ಚೌಕಕ್ಕೆ ಮೂರು ಚುಕ್ಕಿಯಾದರೂ ಬೇಕು, ಇಲ್ಲವಾದರೆ ರಿಬ್ಬನ್ ಶಾಯಿ ಹರಡಿ ಪಕ್ಕದ ಚೌಕಕ್ಕೆ ತಾಗುತ್ತದೆ. ಲೆಕ್ಕ ಹಾಕಿದರೆ ಅತಿ ದೊಡ್ಡ ಕ್ಯೂಆರ್, ಸುತ್ತಲಿನ ಬಿಳಿ ಅಂಚೂ ಸೇರಿ, ಬದಿಯೊಂದಕ್ಕೆ ಸುಮಾರು 70 ಮಿಲಿಮೀಟರ್.

ಆ 70 ಮಿಲಿಮೀಟರಿನ ಲೇಬಲ್ಲನ್ನು 250 ಗ್ರಾಂ ಪೊಟ್ಟಣಕ್ಕೆ ಅಂಟಿಸಿ ಪ್ಯಾಕಿಂಗ್‌ನ ಅಕ್ಕನ ಕೈಗೆ ಕೊಟ್ಟೆ. ವ್ಯಾಕ್ಯೂಮ್ ಎಳೆದ ಪೊಟ್ಟಣದ ಮೈ ಎಲ್ಲ ಬೀಜದ ಉಬ್ಬುತಗ್ಗು. ಲೇಬಲ್ ಅದರ ಮೇಲೆ ಕೂತಾಗ ಚೌಕಗಳು ಅಲೆ ಅಲೆಯಾಗಿ ಬಾಗಿದವು. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನ್ ಹಿಡಿದರು. ಹತ್ತಿರ ತಂದರು, ದೂರ ಒಯ್ದರು, ಕಿಟಕಿಯ ಬೆಳಕಿಗೆ ತಿರುಗಿಸಿದರು, ಬೆರಳಿನಿಂದ ಲೇಬಲ್ಲನ್ನು ತೀಡಿ ನೇರ ಮಾಡಿದರು. ಹತ್ತು ಪೊಟ್ಟಣದಲ್ಲಿ ಓದಿದ್ದು ಒಂದು. "ಅಕ್ಕ, ಇದು ನಮ್ಮಿಂದ ಆಗುವ ಕೆಲಸ ಅಲ್ಲ, ಒಂದು ದಿನಕ್ಕೆ ಎಷ್ಟು ಪೊಟ್ಟಣ ಉಂಟು ಗೊತ್ತುಂಟಲ್ಲ" ಎಂದರು. ಆ ಲೇಬಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಪರವಾನಗಿ ಸಂಖ್ಯೆ, ತೂಕ, ಬೆಲೆ, ತಯಾರಿಕೆಯ ದಿನ, ಲಾಟ್ ಸಂಖ್ಯೆ ಇವಕ್ಕೆಲ್ಲ ಜಾಗವೇ ಉಳಿದಿರಲಿಲ್ಲ. ಕಾನೂನು ಕೇಳುವ ಆ ಅಕ್ಷರಗಳು ಕಣ್ಣಿಗೆ ಕಾಣಬೇಕು, ಅದರಲ್ಲಿ ಎರಡು ಮಾತಿಲ್ಲ.

ಆವತ್ತೇ ನಿರ್ಧಾರ ಆಯಿತು: ಸಹಿಯನ್ನು ಲೇಬಲ್ಲಿನಿಂದ ಹೊರಗೆ ತೆಗೆಯಬೇಕು. ಲೇಬಲ್ ಒಮ್ಮೆ ಅಂಟಿತೆಂದರೆ ತಿದ್ದಲು ಬರುವುದಿಲ್ಲ. ಬದಲಿಸಬೇಕಾಗಿ ಬರುವ ವಸ್ತುವನ್ನು ಬದಲಿಸಲಾಗದ ಜಾಗದಲ್ಲಿ ಇಡುವುದೇ ತಪ್ಪು.

ಲೇಬಲ್ಲಿನಲ್ಲಿ ಇರಬೇಕಾದದ್ದು

ಒಂದು ವಿಳಾಸ, ಒಂದು ಊಹಿಸಲಾಗದ ಸಂಖ್ಯೆ. ಇಷ್ಟೇ.

ವಿಳಾಸಕ್ಕೆ, ಬಾರ್‌ಕೋಡ್ ಸಂಖ್ಯೆಗಳ ಕ್ರಮ ನೋಡಿಕೊಳ್ಳುವ ಜಿಎಸ್1 ಸಂಸ್ಥೆಯ ಡಿಜಿಟಲ್ ಲಿಂಕ್ ಎಂಬ ಕ್ರಮ ಉಂಟು. ನಿಮ್ಮ ಜಾಲತಾಣದ ಹೆಸರು, ಆಮೇಲೆ 01 ಎಂದು ಬರೆದು 14 ಅಂಕಿಯ ಸರಕಿನ ಸಂಖ್ಯೆ, 10 ಎಂದು ಬರೆದು ಲಾಟ್, 21 ಎಂದು ಬರೆದು ಆ ಪೊಟ್ಟಣದ ಸೀರಿಯಲ್. ನಡುವೆ ಓರೆಗೆರೆಗಳು. ಇದೇ ಕೋಡನ್ನು ಗಿರಾಕಿಯ ಫೋನೂ ಓದುತ್ತದೆ, ಇಂಥವನ್ನು ಓದಲು ಸಜ್ಜಾದ ಅಂಗಡಿಯ ಬಿಲ್ಲಿಂಗ್ ಯಂತ್ರವೂ ಓದುತ್ತದೆ. 2027ರ ಕೊನೆಯೊಳಗೆ ಅಂಗಡಿಗಳೆಲ್ಲ ಹೀಗೆ ಸಜ್ಜಾಗಬೇಕೆಂದು ಜಿಎಸ್1 ಗುರಿ ಇಟ್ಟುಕೊಂಡಿದೆ, ಹಾಗಾಗಿ ಈ ಶ್ರಮ ಬೇರೆ ಕಾರಣಕ್ಕೂ ದಂಡವಲ್ಲ.

ಸೀರಿಯಲ್ ವಿಷಯದಲ್ಲಿ ನನ್ನ ಒತ್ತಾಯ ಉಂಟು: 000001, 000002 ಎಂದು ಸಾಲಾಗಿ ಹೋಗಬೇಡಿ. ಒಂದು ಪೊಟ್ಟಣ ಕೊಂಡವನಿಗೆ ಮುಂದಿನ ಸಾವಿರದ ಸಂಖ್ಯೆಯೂ ಗೊತ್ತಾಗುತ್ತದೆ. ಇಂಗ್ಲಿಷಿನ 26 ಅಕ್ಷರ ಮತ್ತು 10 ಅಂಕಿಗಳಲ್ಲಿ ಓ ಮತ್ತು ಸೊನ್ನೆ, ಐ ಮತ್ತು ಒಂದು, ಈ ನಾಲ್ಕನ್ನು ಬಿಟ್ಟರೆ 32 ಉಳಿಯುತ್ತವೆ; ಮಬ್ಬು ಮುದ್ರಣದಲ್ಲಿ ಗೊಂದಲ ಆಗುವುದು ಅವೇ. ಆ 32ರಿಂದ ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸಿದ 16 ಅಕ್ಷರ ತೆಗೆದುಕೊಂಡರೆ 80 ಬಿಟ್ ಆಗುತ್ತದೆ. ಇಲ್ಲಿ ಕ್ವಾಂಟಮ್ ಯಂತ್ರದ ಹೆದರಿಕೆಯೇ ಇಲ್ಲ. ಯಾಕೆಂದರೆ ಇದರಲ್ಲಿ ಬಿಡಿಸಬೇಕಾದ ಗಣಿತ ಇಲ್ಲ. ಊಹಿಸಿದ ಪ್ರತಿ ಸಂಖ್ಯೆಯನ್ನೂ ನಮ್ಮ ಸರ್ವರಿಗೆ ಬಂದು ಕೇಳಲೇಬೇಕು, ಒಂದೇ ಕಡೆಯಿಂದ ಮೇಲಿಂದ ಮೇಲೆ ಕೇಳಿದವರಿಗೆ ಸರ್ವರ್ ಬಾಗಿಲು ಹಾಕುತ್ತದೆ.

ಎಲ್ಲ ಸೇರಿ ಸುಮಾರು 75 ಅಕ್ಷರ. 37 ಚೌಕದ ಕ್ಯೂಆರ್ ಸಾಕು, ಅಂಚು ಸೇರಿ 17 ಮಿಲಿಮೀಟರ್, ತಪ್ಪು ತಿದ್ದುವ ಶಕ್ತಿಯೂ ಮಧ್ಯಮ ಮಟ್ಟದಲ್ಲಿ ಉಳಿಯುತ್ತದೆ. ಅದೇ ಅಕ್ಕ, ಅದೇ ಕಿಟಕಿ: ಹತ್ತಕ್ಕೆ ಹತ್ತೂ ಓದಿದವು.

ಜಾಲತಾಣದ ಹೆಸರು ನಿಮ್ಮದೇ ಹೆಸರಿನಲ್ಲಿ ಇರಲಿ. ಇದನ್ನು ನೋವಿನಿಂದ ಕಲಿತಿದ್ದೇನೆ. 2019ರಲ್ಲಿ ಒಂದು ಹೊರಗಿನ ಕಂಪೆನಿಯ ಭದ್ರತಾ ಕ್ಯೂಆರ್ ಸೇವೆಯನ್ನು ನಂಬಿ ಒಬ್ಬ ಗಿರಾಕಿಗೆ 40,000 ಲೇಬಲ್ ಮುದ್ರಿಸಿಕೊಟ್ಟೆ. ವಿಳಾಸ ಆ ಕಂಪೆನಿಯದ್ದು. ಎರಡು ವರ್ಷ ಕಳೆದು ಅವರು ಬಾಗಿಲು ಹಾಕಿದರು, ವಿಳಾಸದ ಬಾಡಿಗೆ ಕಟ್ಟುವವರಿಲ್ಲದೆ ಅದು ಬೇರೆ ಯಾರದ್ದೋ ಪಾಲಾಯಿತು. ಒಂದು ಬೆಳಿಗ್ಗೆ ಗಿರಾಕಿ ಫೋನ್ ಮಾಡಿ, "ನಿಮ್ಮ ಸ್ಟಿಕ್ಕರ್ ಸ್ಕ್ಯಾನ್ ಮಾಡಿದರೆ ಸಾಲ ಕೊಡುವ ಪೇಜ್ ಬರ್ತದೆ ಅಕ್ಕ" ಎಂದರು. ಗೋದಾಮಿನಲ್ಲಿ ಉಳಿದಿದ್ದ 11,000 ಪೊಟ್ಟಣಗಳ ಮೇಲೆ ಇಬ್ಬರು ಹುಡುಗಿಯರೂ ನಾನೂ ಮೂರು ದಿನ ಕೂತು ಹೊಸ ಲೇಬಲ್ ಅಂಟಿಸಿದೆವು. ಮಾರಾಟವಾಗಿ ಹೋದವುಗಳಿಗೆ ಏನೂ ಮಾಡಲಾಗಲಿಲ್ಲ. ವಿಳಾಸದ ಬಾಡಿಗೆಯನ್ನು ಹತ್ತು ವರ್ಷಕ್ಕೆ ಒಟ್ಟಿಗೆ ಕಟ್ಟಿ, ನವೀಕರಣದ ದಿನವನ್ನು ಆಫೀಸಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ.

ಲಾಟಿಗೊಂದು ಸಹಿ

ಸಹಿ ಲೇಬಲ್ಲಿನಿಂದ ಇಳಿದು ಎಲ್ಲಿಗೆ ಹೋಗಬೇಕು? ಲಾಟಿನ ಪುಸ್ತಕಕ್ಕೆ. ಪ್ರತಿ ಪೊಟ್ಟಣಕ್ಕೊಂದು ಸಹಿ ಬೇಡ, ಒಂದು ಲಾಟಿಗೆ ಒಂದೇ ಸಹಿ ಸಾಕು.

ಇದನ್ನು ಧಣಿಗಳಿಗೆ ಶಂಕರಪುರದ ಮಲ್ಲಿಗೆಯ ಲೆಕ್ಕದಲ್ಲಿ ವಿವರಿಸಿದೆ. ಹೂವು ಹೂವು ಸೇರಿ ಒಂದು ಚೆಂಡು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಹೂವಿನ ಮಾರಾಟದ ಕಟ್ಟೆಯಲ್ಲಿ ದರ ನಿಗದಿಯಾಗುವುದು ಅಟ್ಟೆಗೆ, ಬಿಡಿ ಹೂವಿಗಲ್ಲ. ಹಾಗೆಯೇ ಪ್ರತಿ ಪೊಟ್ಟಣದ ವಿವರಕ್ಕೆ ಒಂದು ಹ್ಯಾಶ್ ತೆಗೆಯಿರಿ. ಎರಡೆರಡು ಹ್ಯಾಶ್ ಜೋಡಿಸಿ ಅದಕ್ಕೊಂದು ಹ್ಯಾಶ್, ಮತ್ತೆ ಅವುಗಳಲ್ಲಿ ಎರಡೆರಡಕ್ಕೆ ಒಂದು, ಹೀಗೆ ಕಟ್ಟುತ್ತಾ ಹೋದರೆ ಕೊನೆಗೆ ಇಡೀ ಲಾಟಿಗೆ ಒಂದೇ 32 ಬೈಟಿನ ಗಂಟು ಉಳಿಯುತ್ತದೆ. ಇದಕ್ಕೆ ಮರ್ಕಲ್ ಮರ ಎನ್ನುತ್ತಾರೆ, ರಾಲ್ಫ್ ಮರ್ಕಲ್ ಎಂಬವರ ಹೆಸರಿನಲ್ಲಿ. ಒಳಗಿನ ಒಂದು ಪೊಟ್ಟಣದ ದಿನಾಂಕ ತಿದ್ದಿದರೂ ತುದಿಯ ಗಂಟು ಬದಲಾಗುತ್ತದೆ. 4096 ಪೊಟ್ಟಣದ ಲಾಟಿನಲ್ಲಿ ಒಂದು ಪೊಟ್ಟಣ ಸೇರಿದೆ ಎಂದು ತೋರಿಸಲು 12 ಹ್ಯಾಶ್, ಅಂದರೆ 384 ಬೈಟ್ ಸಾಕು. ಸಹಿ ಬೀಳುವುದು ತುದಿಯ ಗಂಟಿಗೆ ಮಾತ್ರ. ಆ ಸಹಿ 3309 ಬೈಟ್ ಆದರೂ ಚಿಂತೆಯಿಲ್ಲ, ಅದು ಸರ್ವರಿನಲ್ಲಿ ಕೂರುತ್ತದೆ.

ನಿಮ್ಮ ಲಾಟ್ ಸಣ್ಣದಾದರೆ ಈ ಮರವೂ ಬೇಡ. 20,000 ಪೊಟ್ಟಣದ ಹ್ಯಾಶ್‌ಗಳನ್ನು ಸಾಲಾಗಿ ಬರೆದ ಫೈಲ್ 640 ಕಿಲೋಬೈಟ್ ಆಗುತ್ತದೆ, ಒಂದು ಫೋಟೋಕ್ಕಿಂತ ಸಣ್ಣದು. ಆ ಫೈಲಿಗೆ ಒಂದು ಸಹಿ ಹಾಕಿ. ನೆಟ್‌ವರ್ಕ್ ಸಿಗದ ಗೋದಾಮಿನ ಸ್ಕ್ಯಾನರಿಗೆ ಬೆಳಿಗ್ಗೆಯೇ ಅದನ್ನು ಇಳಿಸಿಕೊಟ್ಟರೆ ದಿನವಿಡೀ ಹೊರಗಿನ ಸಂಪರ್ಕ ಇಲ್ಲದೆ ಪರೀಕ್ಷೆ ನಡೆಯುತ್ತದೆ. ನಾವು ಮೊದಲ ನಾಲ್ಕು ತಿಂಗಳು ಹೀಗೇ ನಡೆಸಿದೆವು, ಯಾವ ತೊಂದರೆಯೂ ಆಗಲಿಲ್ಲ.

ಸಹಿಯನ್ನು ಎರಡು ಹಾಕಿ: ಹಳೆಯ ಇಸಿಡಿಎಸ್‌ಎ ಒಂದು, ಹೊಸ ಎಂಎಲ್-ಡಿಎಸ್‌ಎ ಒಂದು. ಹೊಸ ಗಣಿತ ಇನ್ನೂ ಎಳೆಯದು, ಅದರಲ್ಲಿ ಮುಂದೆ ಯಾರಾದರೂ ದೋಷ ಕಂಡುಹಿಡಿದರೂ ಹಳೆಯದು ಕಾಯುತ್ತದೆ. ಹಳೆಯದು ಬಿದ್ದ ದಿನ ಹೊಸದು ಕಾಯುತ್ತದೆ. ಎರಡೂ ಸರಿ ಬಂದರೆ ಮಾತ್ರ ಒಪ್ಪುವಂತೆ ಮಾಡಿ. 2025ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ 3.5 ಆವೃತ್ತಿಯಲ್ಲಿ ಹೊಸ ಮೂರು ಮಾನಕಗಳೂ ಸೇರಿವೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಗಳು ಲಾಟಿಗೆ ಸಹಿ ಹಾಕುವ ಪುಟ್ಟ ಕ್ರಮವನ್ನು ಅದರಲ್ಲೇ ಎರಡು ಭಾನುವಾರದಲ್ಲಿ ಬರೆದಳು.

ಪಂಪಿನ ಬಿಡಿಭಾಗದಂಥ ದೀರ್ಘಾಯುಷಿ ಸರಕಿಗೆ ಇನ್ನೊಂದು ಕೆಲಸ ಉಂಟು. ಮುಂದೊಂದು ದಿನ ಹಳೆ ಸಹಿಯ ಗಣಿತ ಬಿದ್ದರೆ, ಕಳ್ಳನು ಹಿಂದಿನ ದಿನಾಂಕ ಹಾಕಿ ಇವತ್ತಿನ ಲಾಟನ್ನೇ ಸೃಷ್ಟಿಸಬಲ್ಲ. ಅದಕ್ಕೆ ತಡೆ ಎಂದರೆ ತುದಿಯ ಗಂಟು ಇವತ್ತೇ ನಮ್ಮ ಕೈ ಬಿಟ್ಟು ಬೇರೆಯವರ ಕೈಯಲ್ಲೂ ಇರಬೇಕು. 32 ಬೈಟಿನ ಆ ಗಂಟನ್ನು ಓದುವಂತೆ ಬರೆದರೆ 64 ಅಕ್ಷರ ಆಗುತ್ತದೆ; ನಾವು ಅದನ್ನು ಪ್ಯಾಕಿಂಗ್ ಲಿಸ್ಟಿನ ಕೆಳಗೆ ಮುದ್ರಿಸುತ್ತೇವೆ. ಅದು ಖರೀದಿದಾರರ ಕಡತಕ್ಕೆ, ಬ್ಯಾಂಕಿನ ಕಡತಕ್ಕೆ, ಲೆಕ್ಕಪರಿಶೋಧಕರ ಕಪಾಟಿಗೆ ಹೋಗಿ ಸೇರುತ್ತದೆ. ಮೂರು ಕಡೆ ಕಾಗದದಲ್ಲಿ ಕೂತ ಗಂಟನ್ನು ಯಾವ ಯಂತ್ರವೂ ಹಿಂದಕ್ಕೆ ಹೋಗಿ ತಿದ್ದಲಾರದು.

ಕೀಲಿ ಬದಲಿಸುವ ದಾರಿ

ಪ್ರತಿ ಸಹಿಯ ಜೊತೆ ಎರಡು ಚಿಕ್ಕ ಕಾಲಂ ಇರಲಿ: ಸಹಿಯ ಜಾತಿ ಯಾವುದು, ಯಾವ ಕೀಲಿಯಿಂದ ಹಾಕಿದ್ದು. ಈ ಎರಡು ಕಾಲಂ ಇಲ್ಲದ ವ್ಯವಸ್ಥೆಯನ್ನು ಮುಂದೆ ಬದಲಿಸುವುದು ಬಹಳ ಕಷ್ಟ. ಸಹಿ ಪರೀಕ್ಷಿಸಲು ಗುಟ್ಟಿನ ಕೀಲಿಗೆ ಜೋಡಿಯಾದ ಬಹಿರಂಗ ಕೀಲಿ ಬೇಕು; ಅದನ್ನು ಆ್ಯಪ್ ಒಳಗೆ ಅಚ್ಚು ಹಾಕಿ ಇಡಬೇಡಿ. ಆ್ಯಪ್ ಅಂಥ ಕೀಲಿಗಳ ಪಟ್ಟಿಯನ್ನು ಸರ್ವರಿನಿಂದ ತರಿಸಿಕೊಳ್ಳಲಿ. ಆ ಪಟ್ಟಿಗೆ ಮಾತ್ರ ನಾವು ಎಸ್‌ಎಲ್‌ಎಚ್-ಡಿಎಸ್‌ಎ ಸಹಿ ಹಾಕುತ್ತೇವೆ. ಅದರ ಬಲ ಹ್ಯಾಶ್ ಒಂದರ ಮೇಲೆಯೇ ನಿಂತಿದೆ, ಹಾಗಾಗಿ ನನಗೆ ಅದರ ಮೇಲೆ ನಂಬಿಕೆ ಹೆಚ್ಚು. ನಿಧಾನ, ಗಾತ್ರ ದೊಡ್ಡದು, ಆದರೆ ವರ್ಷಕ್ಕೆ ಒಂದೆರಡು ಸಲದ ಕೆಲಸಕ್ಕೆ ಅದರಿಂದ ಎಂತದ್ದೂ ತೊಂದರೆ ಇಲ್ಲ. ಆ ಸಹಿ ಹಾಕುವ ಗುಟ್ಟಿನ ಕೀಲಿ ಇರುವುದು ಇಂಟರ್‌ನೆಟ್ ಸೋಂಕದ ಒಂದು ಹಳೆ ಲ್ಯಾಪ್‌ಟಾಪಿನಲ್ಲಿ, ಧಣಿಗಳ ಕಬ್ಬಿಣದ ಕಪಾಟಿನ ಒಳಗೆ. ತೆರೆಯಲು ಧಣಿಗಳೂ ಅಕೌಂಟ್ಸ್‌ನ ಅಕ್ಕನೂ ಇಬ್ಬರೂ ಬೇಕು, ಒಬ್ಬೊಬ್ಬರಿಗೆ ಅರ್ಧರ್ಧ ಪಾಸ್‌ವರ್ಡ್ ಗೊತ್ತು.

ಸಂಪರ್ಕದ ದಾರಿ ಮತ್ತು ಬ್ಯಾಕಪ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇವತ್ತು ಹರಿದುಹೋಗುವ ಗುಟ್ಟಿನ ಮಾಹಿತಿಯನ್ನು ಕೂಡಿಟ್ಟುಕೊಂಡು ಹತ್ತು ವರ್ಷದ ಮೇಲೆ ಬಿಡಿಸುವವರು ಇರಬಹುದು. ನಿಮ್ಮಲ್ಲಿ ಹತ್ತು ವರ್ಷ ಗುಟ್ಟಾಗಿ ಉಳಿಯಬೇಕಾದದ್ದು ಉಂಟೋ ನೋಡಿ. ಗೇರುಬೀಜದ ಸೀರಿಯಲ್ ಪಟ್ಟಿ ಅಂಥದ್ದಲ್ಲ, ತೈಲದವರ ಪಾಕವಿಧಾನ ಅಂಥದ್ದು. ಜಾಲತಾಣ ನಡೆಸುವವರ ಹತ್ತಿರ ಎಂಎಲ್-ಕೆಇಎಂ ಸೇರಿದ ಜೋಡಿ ಕೀಲಿ ಕೇಳಿ. ಕ್ರೋಮ್‌ನ ಡೆವಲಪರ್ ಟೂಲ್ಸ್ ತೆರೆದು ಸೆಕ್ಯೂರಿಟಿ ಎಂಬಲ್ಲಿ ಎಕ್ಸ್25519ಎಂಎಲ್‌ಕೆಇಎಂ768 ಎಂದು ಕಂಡರೆ ಆಗಿದೆ ಎಂದರ್ಥ. ಈ ಜೋಡಿ ಕೀಲಿ 32 ಬೈಟಿನ ಬದಲು 1216 ಬೈಟ್ ಆಗಿರುವುದರಿಂದ ಹಳೆ ಫೈರ್‌ವಾಲ್ ಪೆಟ್ಟಿಗೆಗಳು ಕೆಲವೊಮ್ಮೆ ತಡೆಯುತ್ತವೆ. ಕಾರ್ಖಾನೆಯಲ್ಲಿ ಒಂದು ಪೆಟ್ಟಿಗೆ ಹಾಗೆ ಮಾಡಿತು, ಅದರ ಸಾಫ್ಟ್‌ವೇರ್ ಹೊಸದು ಹಾಕಿದ ಮೇಲೆ ಸರಿಹೋಯಿತು. ಬ್ಯಾಕಪ್‌ನಲ್ಲಿ ನಾವು ಕಂಡ ದೋಷ ಎಲ್ಲರಲ್ಲೂ ಇರಬಹುದು: ಫೈಲಿಗೆ ಎಇಎಸ್-256 ಬೀಗ ಹಾಕಿದ್ದರು, ಆದರೆ ಆ ಬೀಗದ ಕೈಯನ್ನು ಆರ್‌ಎಸ್‌ಎಯಲ್ಲಿ ಮುಚ್ಚಿ ಅದೇ ಡಿಸ್ಕಿನಲ್ಲಿ ಇಟ್ಟಿದ್ದರು. ತಿಜೋರಿ ಗಟ್ಟಿಯಾಗಿದ್ದು ಅದರ ಕೀಲಿಕೈಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ.

ನಕಲು ಮಾಡುವವನಿಗೆ ಕ್ವಾಂಟಮ್ ಬೇಕಿಲ್ಲ

ಈ ಮಾತನ್ನು ಧಣಿಗಳಿಗೆ ಮೊದಲ ದಿನವೇ ಹೇಳಿದ್ದೆ, ಓದುವವರಿಗೂ ಹೇಳುತ್ತೇನೆ. ಎಷ್ಟೇ ಗಟ್ಟಿ ಸಹಿ ಇರಲಿ, ನಿಜವಾದ ಲೇಬಲ್ಲಿನ ಫೋಟೋ ಹೊಡೆದು ಸಾವಿರ ಪ್ರತಿ ತೆಗೆದರೆ ಸಾವಿರವೂ ಸರಿ ಎಂದೇ ಓದುತ್ತವೆ. ನಕಲಿಯಲ್ಲಿಯೂ ಸಹಿ ನಿಜವಾದದ್ದೇ. ಅದಕ್ಕೆ ಮದ್ದು ಬೇರೆ. ಒಂದೇ ಸೀರಿಯಲ್ ಸೋಮವಾರ ಹುಬ್ಬಳ್ಳಿಯಲ್ಲಿ, ಮಂಗಳವಾರ ಸೂರತ್‌ನಲ್ಲಿ ಸ್ಕ್ಯಾನ್ ಆದರೆ ಸರ್ವರ್ ಕೂಗಿ ಹೇಳಬೇಕು. ಪುಟ ತೆರೆದವರಿಗೆ "ಈ ಪೊಟ್ಟಣ ಈ ಮೊದಲು ಇಷ್ಟು ಸಲ ನೋಡಲ್ಪಟ್ಟಿದೆ" ಎಂದು ತಿಳಿಸಬೇಕು. ಕೀಳಲು ಹೋದರೆ ಚೂರಾಗುವ ವಿನೈಲ್ ಲೇಬಲ್ ಬಳಸಬೇಕು, ಆಗ ಖಾಲಿ ಪೊಟ್ಟಣದಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಲಾಗದು. ದುಬಾರಿ ಸರಕಿಗೆ, ಫೋನ್ ಹತ್ತಿರ ತಂದರೆ ಓದುವ ಎನ್‌ಎಫ್‌ಸಿ ಚಿಪ್ ಒಳ್ಳೆಯದು: ಪ್ರತಿ ಸಲ ಮುಟ್ಟಿದಾಗಲೂ ಹೊಸ ಸಂಕೇತ ಕೊಡುವ ಚಿಪ್‌ಗಳು ಉಂಟು, ಅವು ಎಇಎಸ್ ಮೇಲೆ ನಿಂತಿರುವುದರಿಂದ ಶೋರ್ ಅವರ ದಾರಿ ಅವುಗಳಿಗೆ ತಾಗುವುದಿಲ್ಲ. ಸ್ಕ್ಯಾನ್ ಮಾಡಿದ ಗಿರಾಕಿಯ ಫೋನ್ ನಂಬರ್ ಮಾತ್ರ ಕೇಳಬೇಡಿ. ಊರಿನ ಮಟ್ಟಕ್ಕೆ ಗೊತ್ತಾದರೆ ಸಾಕು, ಅವರ ಖಾಸಗಿ ವಿವರ ನಮ್ಮ ಹತ್ತಿರ ಇರುವುದೇ ಒಂದು ಹೊಣೆ.

"ಕ್ವಾಂಟಮ್ ಪ್ರೂಫ್ ಸ್ಟಿಕ್ಕರ್" ಎಂದು ಮಾರಲು ಬಂದವರಿಗೆ ನಾನು ಕೇಳುವುದು ಇಷ್ಟು: ಯಾವ ಫಿಪ್ಸ್ ಮಾನಕ? ವಿಳಾಸ ಯಾರ ಹೆಸರಿನಲ್ಲಿ? ಹೊಸದಾಗಿ ಮುದ್ರಿಸದೆ ಕೀಲಿ ಬದಲಿಸಬಹುದೇ? ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಸೀರಿಯಲ್ ದಾಖಲೆ ಪೂರ್ತಿ ನಮ್ಮ ಕೈಗೆ ಬರುತ್ತದೆಯೇ? ಈವರೆಗೆ ಬಂದ ಮೂವರಲ್ಲಿ ಒಬ್ಬರು ಮಾತ್ರ ನಾಲ್ಕಕ್ಕೂ ಬರವಣಿಗೆಯಲ್ಲಿ ಉತ್ತರ ಕೊಟ್ಟರು.

27ನೇ ಪ್ರಶ್ನೆಗೆ ನಾವು ಕೊನೆಗೆ ಬರೆದದ್ದು ಐದೇ ಸಾಲು. ಲೇಬಲ್ಲಿನಲ್ಲಿ ಸಹಿ ಇಲ್ಲ, ಯಾದೃಚ್ಛಿಕ ಸೀರಿಯಲ್ ಮಾತ್ರ. ಲಾಟಿಗೆ ಎರಡು ಸಹಿ, ಒಂದು ಫಿಪ್ಸ್ 204ರದ್ದು. ಕೀಲಿಪಟ್ಟಿಗೆ ಫಿಪ್ಸ್ 205. ಡಿಎಸ್‌ಸಿ ಮತ್ತು ಇ-ಇನ್‌ವಾಯ್ಸ್ ಸರಕಾರದ ಬದಲಾವಣೆಗೆ ಕಾಯುತ್ತಿವೆ. ಪ್ರತಿ ವರ್ಷ ಕೀಲಿ ಬದಲಿಸುವ ತಾಲೀಮು ನಡೆಯುತ್ತದೆ. ಖರೀದಿದಾರರು ಒಪ್ಪಿದರು, ಒಂದು ಲಾಟಿನ ಪ್ಯಾಕಿಂಗ್ ಲಿಸ್ಟ್ ಕೇಳಿ ತರಿಸಿಕೊಂಡು ಗಂಟನ್ನು ತಾವೇ ಕಟ್ಟಿ ನೋಡಿದರು.

ಆ ತಾಲೀಮನ್ನು ಬಿಡಬೇಡಿ. ನಾವು ಕಳೆದ ಫೆಬ್ರವರಿಯ ಒಂದು ಶನಿವಾರ, ಕೆಲಸ ಬಿಟ್ಟ ಮೇಲೆ, ಕೀಲಿ ಕಳ್ಳತನವಾಗಿದೆ ಎಂದು ಭಾವಿಸಿ ಶುರು ಮಾಡಿದೆವು. ಕಪಾಟು ತೆರೆದು, ಹೊಸ ಕೀಲಿ ಹುಟ್ಟಿಸಿ, ಪಟ್ಟಿಗೆ ಸಹಿ ಹಾಕಿ, ಪೆನ್‌ಡ್ರೈವ್‌ನಲ್ಲಿ ತಂದು ಸರ್ವರಿಗೆ ಏರಿಸಲು 47 ನಿಮಿಷ ಹಿಡಿಯಿತು. ಎರಡು ಸ್ಕ್ಯಾನರ್ ಹೊಸ ಪಟ್ಟಿಯನ್ನು ಕೂಡಲೇ ಒಪ್ಪಿದವು. ಮೂರನೆಯದು ಒಪ್ಪಲೇ ಇಲ್ಲ. ಒಂದು ಗಂಟೆ ಹುಡುಕಿದ ಮೇಲೆ ಮಗಳಿಗೆ ಕಂಡಿತು: ಬ್ಯಾಟರಿ ಪೂರಾ ಇಳಿದಿದ್ದಾಗ ಅದರ ಗಡಿಯಾರ 2017ಕ್ಕೆ ಹೋಗಿ ನಿಂತಿತ್ತು, ಹಾಗಾಗಿ ಅದರ ಲೆಕ್ಕದಲ್ಲಿ ಹೊಸ ಕೀಲಿಯ ದಿನ ಇನ್ನೂ ಬಂದೇ ಇರಲಿಲ್ಲ. ಈಗ ಪ್ಯಾಕಿಂಗ್ ಹಾಲಿನ ಕಪ್ಪುಹಲಗೆಯಲ್ಲಿ ಪ್ರತಿ ಬೆಳಿಗ್ಗೆ ಅಕ್ಕ ಸೀಮೆಸುಣ್ಣದಲ್ಲಿ ಮೂರು ಸ್ಕ್ಯಾನರಿನ ತಾರೀಕು ಬರೆಯುತ್ತಾರೆ. ಮೂರೂ ಒಂದೇ ಆದ ಮೇಲೆಯೇ ಮೊದಲ ಪೊಟ್ಟಣ ಬೆಲ್ಟಿಗೆ ಏರುತ್ತದೆ.